ತರಬೇತಿ ಇಲ್ಲದೆ ವಿದೇಶಕ್ಕೆ ಹೋಗಿ ಇಂಗ್ಲಿಷ್ ಪಾಠ ಮಾಡಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಶಿವಮೊಗ್ಗದಲ್ಲಿ ಬಿ.ಕಾಂ. ಮುಗಿಸಿದ್ದೀರಿ. ಬಿ.ಎಡ್. ಇಲ್ಲ, ಯಾವ ಕ್ಲಾಸಿನ ಮುಂದೆಯೂ ನಿಂತವರಲ್ಲ. ನೇಪಾಳದಲ್ಲೋ ಕಾಂಬೋಡಿಯಾದಲ್ಲೋ ನಾಲ್ಕು ವಾರ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಿ ಅಂತ ಒಂದು ಏಜೆನ್ಸಿಯವರು ಕರೆದಿದ್ದಾರೆ. ಸಂಬಳ ಇಲ್ಲ, ನೀವೇ 60 ಸಾವಿರ ಕಟ್ಟಬೇಕು. ಹೋಗಲಾ ಬೇಡ್ವಾ?

ನಾನು ಹೋಗಿ ಬಂದವನು. 2019ರ ಜೂನ್‌ನಲ್ಲಿ, ಪೂರ್ವ ನೇಪಾಳದ ಇಲಾಮ್ ಜಿಲ್ಲೆಗೆ. ನಮ್ಮದು ತೀರ್ಥಹಳ್ಳಿ ಕಡೆ. ಆಗ ನನ್ನ ಹತ್ತಿರ ಇದ್ದದ್ದು ಒಂದು ಡಿಗ್ರಿ, ವಾರದಲ್ಲಿ ಮುಗಿಸಿದ ಒಂದು ಆನ್‌ಲೈನ್ ಸರ್ಟಿಫಿಕೇಟು, ಇಂಗ್ಲಿಷ್ ಬರುತ್ತಲ್ಲ ಅನ್ನುವ ಭಂಡಧೈರ್ಯ. ಅಡಿಕೆ ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆಯುವ ಹೊತ್ತಿಗೆ ಸರಿಯಾಗಿ ಊರು ಬಿಟ್ಟ ಅಂತ ಅಪ್ಪ ಇವತ್ತಿಗೂ ಆಡಿಕೊಳ್ಳುತ್ತಾರೆ.

ಬೆಂಗಳೂರಿನಿಂದ ರೈಲಿನಲ್ಲಿ ನ್ಯೂ ಜಲಪೈಗುರಿ, ಅಲ್ಲಿಂದ ಜೀಪು, ಮೇಚಿ ನದಿಯ ಸೇತುವೆ ದಾಟಿದರೆ ಕಾಕರ್‌ಭಿಟ್ಟಾ. ನಮಗೆ ವೀಸಾ ಬೇಕಿಲ್ಲ. ನಮ್ಮ ದುಡ್ಡಿಗೆ ಅಲ್ಲಿ 'ಐಸಿ' (ಇಂಡಿಯನ್ ಕರೆನ್ಸಿ) ಅಂತಾರೆ, ನಮ್ಮ 100ಕ್ಕೆ ಅವರ 160. ಮೇಲೆ ಘಟ್ಟ ಹತ್ತಿದ ಮೇಲೆ ಆಗುಂಬೆಗೇ ಬಂದೆನೇನೋ ಅನ್ನಿಸಿತು. ಅದೇ ಮಂಜು, ಅದೇ ಜಿಟಿಜಿಟಿ, ಗದ್ದೆ ಬದುವಿನಲ್ಲಿ ಅದೇ ಇಂಬಳ (ರಕ್ತ ಹೀರುವ ಜಿಗಣೆ). ಊಟಕ್ಕೆ ಧಿಡೋ ಅಂತ ಕೊಡುತ್ತಾರೆ, ನೋಡಿದರೆ ರಾಗಿ ಮುದ್ದೆ! ಕಡುಬು ತಿಂದು ಬೆಳೆದ ನನಗೆ ಮುದ್ದೆ ನುಂಗೋದು ಗೊತ್ತಿರಲಿಲ್ಲ. ಮಂಡ್ಯದವರು ಹೋಗಿದ್ದರೆ ಮೊದಲ ದಿನವೇ ಮನೆಯವರಾಗಿಬಿಡುತ್ತಿದ್ದರು.

ಈಗ ಕ್ಲಾಸಿನ ವಿಷಯ. ಐದನೇ ಕ್ಲಾಸು, ಸುಮಾರು 40 ಮಕ್ಕಳು. ನಾನು ಒಳಗೆ ಹೋದ ಕೂಡಲೇ ಅಲ್ಲಿನ ಇಂಗ್ಲಿಷ್ ಸರ್ ಚಾಕ್‌ಪೀಸ್ ಕೈಗೆ ಕೊಟ್ಟು ಹೊರಗೆ ಹೋದರು. ಚಹಾ ಕುಡಿಯೋಕೆ. ಬೋರ್ಡಿನ ಮೇಲೆ ಕ್ರಿಯಾಪದದ ಕಾಲಗಳನ್ನೆಲ್ಲ ಬರೆದೆ. ಅರ್ಥ ಆಯ್ತಾ ಅಂತ ಇಂಗ್ಲಿಷಿನಲ್ಲಿ ಕೇಳಿದೆ. 'ಯೆಸ್ ಸರ್!' ಅಂತ ಇಡೀ ಕ್ಲಾಸು ಕೂಗಿತು. ನನಗೆ ಖುಷಿಯೋ ಖುಷಿ. ಮುಂದಿನ ಬೆಂಚಿನ ಹುಡುಗನಿಗೆ ನಿನ್ನ ಹೆಸರೇನು ಅಂತ ಕೇಳಿದೆ. ಅವನೂ ಎದ್ದು ನಿಂತು 'ಯೆಸ್ ಸರ್' ಅಂದ. ಇನ್ನೂ 35 ನಿಮಿಷ ಉಳಿದಿತ್ತು. ಆ 35 ನಿಮಿಷ ಏನು ಮಾಡಿದೆ ಅಂತ ಕೇಳಬೇಡಿ.

ನಾಲ್ಕನೇ ದಿನ ಪುಸ್ತಕ ಎತ್ತಿ ಹಿಡಿದು 'ದಿಸ್ ಈಸ್ ಎ ಬುಕ್' ಅಂದೆ. ಮಕ್ಕಳು 'ಬುಕ್ಕು' ಅಂದರು. ತಿದ್ದಿದೆ. ಮತ್ತೆ 'ಬುಕ್ಕು'. ಇವರಿಗೆ ಈ ಉಕಾರ ಎಲ್ಲಿಂದ ಬಂತಪ್ಪ ಅಂತ ತಲೆ ಕೆಡಿಸಿಕೊಂಡಿದ್ದೆ. ಹಿಂದೆ ಕೂತಿದ್ದ ಸರ್ ನಗು ತಡೆಯಲಾರದೆ, 'ಸರ್, ನೀವೇ ಹಾಗನ್ನೋದು' ಅಂದರು. ಬಸ್ಸು, ಪೆನ್ನು, ಬುಕ್ಕು ಅಂತ ಬೆಳೆದ ನಾಲಿಗೆ ನಮ್ಮದು, ನಮ್ಮ ಕಿವಿಗೆ ಅದು ಕೇಳೋದೇ ಇಲ್ಲ. ಅಲ್ಲಿನ ಮಕ್ಕಳು 'ಸ್ಕೂಲ್' ಅನ್ನೋದನ್ನ ಮೊದಲಿಂದಲೇ 'ಇಸ್ಕೂಲ್' ಅನ್ನುತ್ತಿದ್ದರು. ನಾನು ಹೊರಡುವ ಹೊತ್ತಿಗೆ ಅದು 'ಇಸ್ಕೂಲು' ಆಗಿತ್ತು. ಮುಂದೆ ಅರ್ಧ ಇಲಾಮ್, ಹಿಂದೆ ಅರ್ಧ ತೀರ್ಥಹಳ್ಳಿ.

ಇದಕ್ಕೆ ನಗಬಹುದು. ಆದರೆ ಒಬ್ಬಳು ಹುಡುಗಿಯ ಹಳೇ ನೋಟ್‌ಬುಕ್ ನೋಡಿದಾಗ ನಗು ಬರಲಿಲ್ಲ. ಅದರಲ್ಲಿ 'ನನ್ನ ಕುಟುಂಬ' ಅನ್ನುವ ಪಾಠ ಮೂರು ಸಲ ಇತ್ತು. ಮೂರು ಬೇರೆ ಬೇರೆ ಕೈಬರಹದಲ್ಲಿ ಕೆಂಪು ಟಿಕ್ ಮಾರ್ಕು. ನನಗಿಂತ ಮೊದಲು ಬಂದ ಮೂವರೂ ಅಪ್ಪ, ಅಮ್ಮ, ಅಣ್ಣ, ತಂಗಿಯಿಂದಲೇ ಶುರು ಮಾಡಿ, ತಿಂಗಳು ಮುಗಿಸಿ ಹೋಗಿದ್ದರು. ನನ್ನ ಬ್ಯಾಗಿನಲ್ಲೂ ಅದೇ ಪಾಠ ರೆಡಿ ಇತ್ತು.

ಎರಡನೇ ವಾರ ನಾನೇ ಆ ಸರ್ ಹತ್ತಿರ ಹೋಗಿ, ನೀವೇ ಪಾಠ ಮಾಡಿ, ನಾನು ಪಕ್ಕದಲ್ಲಿರುತ್ತೇನೆ ಅಂದೆ. ಓದೋಕೆ ತಡವರಿಸುವ ಆರು ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು ದಿನಾ ಅರ್ಧ ಗಂಟೆ ಓದಿಸಿದೆ. ಫೋನಿನಲ್ಲಿದ್ದ ಜೋಗದ ಫೋಟೊ ತೋರಿಸಿ, 253 ಮೀಟರ್ ಎತ್ತರ ಅಂತ ಅವರಿಂದಲೇ ವಾಕ್ಯ ಬರೆಸಿದೆ. ಅವರು ತಮ್ಮ ಮಾಯಿ ಖೋಲಾ ಹೊಳೆಯ ಬಗ್ಗೆ ಬರೆದರು. ಸಂಜೆ ಸರ್ ಜೊತೆ ನಡೆಯುತ್ತಾ ಬರೀ ಇಂಗ್ಲಿಷಿನಲ್ಲಿ ಹರಟೆ. ಅವರಿಗೆ ಓದಿ ಬರೆಯೋಕೆ ಚೆನ್ನಾಗಿ ಬರುತ್ತಿತ್ತು, ಮಾತಾಡೋಕೆ ಜನ ಇರಲಿಲ್ಲ. ಆ ತಿಂಗಳಲ್ಲಿ ಏನಾದರೂ ಉಪಯೋಗ ಆಗಿದ್ದರೆ ಅದು ಅವರಿಗೆ ಅಂತ ನನ್ನ ಲೆಕ್ಕ. ಅವರು ಆ ಶಾಲೆಯಲ್ಲೇ ಇರುವವರು ಅಲ್ವಾ?

ಅಸಾರ್ 15ರಂದು, ಅಂದರೆ ಜೂನ್ ಕೊನೆಗೆ, ಅಲ್ಲಿ ನಾಟಿ ಹಬ್ಬ. ಎಲ್ಲರೂ ಮೊಸರು ಅವಲಕ್ಕಿ ತಿಂದು ಗದ್ದೆಗೆ ಇಳಿಯುತ್ತಾರೆ. ಆ ದಿನ ಹೆಡ್‌ಮಾಸ್ಟರ್ ನನ್ನ ಎಲೆಗೆ ಇನ್ನಷ್ಟು ಅವಲಕ್ಕಿ ಹಾಕುತ್ತಾ, 'ನಿಮ್ಮೂರಿನ ಶಾಲೆಯಲ್ಲಿ ಎಷ್ಟು ವರ್ಷ ಪಾಠ ಮಾಡಿದ್ದೀರಿ?' ಅಂತ ಕೇಳಿದರು. ಕುಹಕ ಏನಿರಲಿಲ್ಲ. ಸುಮ್ನೆ ಕೇಳಿದ್ದು. ಒಂದು ದಿನವೂ ಇಲ್ಲ ಅಂದೆ. 'ಓ' ಅಂದರು, ಅಷ್ಟೇ.

ದುಡ್ಡಿನ ಬಗ್ಗೆ ಕೇಳಿದ್ದೀರಿ. ನಾನು 38 ಸಾವಿರ ಕಟ್ಟಿದ್ದೆ. ನಾನಿದ್ದ ಮನೆಯ ದೀದಿಗೆ ಊಟ ವಸತಿಗೆ ಅಂತ ಸಿಕ್ಕಿದ್ದು ನಮ್ಮ ಲೆಕ್ಕದಲ್ಲಿ ಐದು ಸಾವಿರದ ಆಸುಪಾಸು. ಶಾಲೆಗೆ ಒಂದು ಪೈಸೆ ಬಂದಿರಲಿಲ್ಲ. ಕಟ್ಟುವ ಮೊದಲು ಶಾಲೆಯ ಹೆಸರು ತಿಳಿದುಕೊಂಡು ಅಲ್ಲಿನ ಹೆಡ್‌ಮಾಸ್ಟರ್ ಜೊತೆ ನೇರವಾಗಿ ಫೋನಿನಲ್ಲಿ ಮಾತಾಡಿ. ಏಜೆನ್ಸಿಯವರು ನಂಬರ್ ಕೊಡಲ್ಲ ಅಂದರೆ ಅಲ್ಲಿಗೇ ಕೈಬಿಡಿ. ಶಾಲೆಯ ಬದಲು ಅನಾಥಾಲಯ ಅಂದರಂತೂ ಹತ್ತಿರವೂ ಸುಳಿಯಬೇಡಿ. ಕಾಂಬೋಡಿಯಾ, ನೇಪಾಳ ಎರಡೂ ಕಡೆ ಅಂಥ ಜಾಗಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ ಅಂತ ಯುನಿಸೆಫ್ ಎಷ್ಟೋ ವರ್ಷದಿಂದ ಹೇಳುತ್ತಿದೆ. ನಮ್ಮಂಥವರು ದುಡ್ಡು ಹಿಡಿದು ಬರುತ್ತೇವೆ ಅಂತಲೇ ಮಕ್ಕಳನ್ನು ಮನೆಯಿಂದ ತಂದು ಇಡುವುದೂ ಉಂಟು. ಕೆಲವರು ಥಾಯ್ಲೆಂಡ್ ಹೆಸರೂ ಹೇಳಬಹುದು. ಅಲ್ಲಿ ಸಂಬಳ ಇಲ್ಲದ ಪಾಠವೂ ಕೆಲಸವೇ. ಟೂರಿಸ್ಟ್ ಆಗಿ ಹೋಗಿ ಮಾಡುವ ಹಾಗಿಲ್ಲ, ವರ್ಕ್ ಪರ್ಮಿಟ್ ಬೇಕು.

ಇನ್ನು ತರಬೇತಿ. ನನ್ನ ಆನ್‌ಲೈನ್ ಸರ್ಟಿಫಿಕೇಟಿನಲ್ಲಿ ಒಂದೇ ಒಂದು ಮಗುವಿನ ಮುಖ ನೋಡುವ ಕೆಲಸ ಇರಲಿಲ್ಲ. ಇಂಗ್ಲಿಷ್ ಕಲಿಸುವವರಿಗೆ ಅಂತಲೇ ಇರುವ ಕೇಂಬ್ರಿಡ್ಜ್‌ನ ಸೆಲ್ಟಾ ಕೋರ್ಸಿನಲ್ಲಿ 6 ಗಂಟೆ ನಿಜವಾದ ಕ್ಲಾಸ್ ತೆಗೆದುಕೊಳ್ಳಬೇಕು, ಹಿಂದೆ ಕೂತು ತಪ್ಪು ಹೇಳುವವರು ಇರುತ್ತಾರೆ. ಆದರೆ ಅದು ದುಬಾರಿ. ಬೆಂಗಳೂರಿನ ಜ್ಞಾನಭಾರತಿಯಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, 1963ರಲ್ಲಿ ಶುರುವಾದದ್ದು. ಹತ್ತಾರು ವರ್ಷ ಪಾಠ ಮಾಡಿದ ಮೇಷ್ಟ್ರುಗಳನ್ನೇ ಅಲ್ಲಿ ಒಂದು ತಿಂಗಳು ಕೂರಿಸಿ ಇಂಗ್ಲಿಷ್ ಕಲಿಸುವುದು ಹೇಗೆ ಅಂತ ಹೇಳಿಕೊಡುತ್ತಾರೆ. ಇದು ನನಗೆ ಗೊತ್ತಾದದ್ದು ನೇಪಾಳದಿಂದ ವಾಪಸ್ ಬಂದ ಮೇಲೆ.

ಹಾಗಾಗಿ ನನ್ನ ಉತ್ತರ: ಈಗಲೇ ಬೇಡ. ಮೊದಲು ನಿಮ್ಮ ಮನೆ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ. ಹೆಡ್‌ಮಾಸ್ಟರ್‌ಗೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಯವರಿಗೂ ಹೇಳಿ, ಒಪ್ಪಿಗೆ ಪಡೆದು ಶನಿವಾರದ ಬೆಳಗಿನ ಶಾಲೆಗೆ ಮೂರು ತಿಂಗಳು ತಪ್ಪದೆ ಹೋಗಿ. ಪಾಠ ಮಾಡಬೇಡಿ, ಓದಿಸಿ. ನಾನು ವಾಪಸ್ ಬಂದ ಮೇಲೆ ನಮ್ಮೂರ ಶಾಲೆಯಲ್ಲಿ ಇದನ್ನೇ ಮಾಡಿದೆ. ಮೊದಲ ಶನಿವಾರ 20 ನಿಮಿಷಕ್ಕೇ ಸರಕು ಖಾಲಿ. ಮಳೆ ರಜೆ ಕೊಟ್ಟಾಗ ಮಕ್ಕಳಿಗಿಂತ ಜಾಸ್ತಿ ಖುಷಿಪಟ್ಟವನು ನಾನು.

ಮೂರು ತಿಂಗಳಾದ ಮೇಲೂ ಹೋಗಬೇಕು ಅನ್ನಿಸಿದರೆ ಹೋಗಿ, ನಾಲ್ಕು ವಾರಕ್ಕಲ್ಲ, ಒಂದು ಪೂರ್ತಿ ಟರ್ಮ್‌ಗೆ. ನೇಪಾಳದಲ್ಲಿ ಶಾಲೆ ಶುರುವಾಗೋದು ಬೈಶಾಖದಲ್ಲಿ, ಅಂದರೆ ಏಪ್ರಿಲ್ ಮಧ್ಯಕ್ಕೆ. ನಾನಿದ್ದಾಗ ಶನಿವಾರ ರಜೆ, ಭಾನುವಾರ ಶಾಲೆ ಇತ್ತು. ದಸರಾಕ್ಕೆ ದೊಡ್ಡ ರಜೆ, ಆಗ ಹೋದರೆ ಬಾಗಿಲು ಹಾಕಿರುತ್ತದೆ. ಮಳೆಗಾಲದಲ್ಲಿ ಹೋದರೆ ಇಂಬಳಕ್ಕೆ ನಮ್ಮ ಸುಣ್ಣ ತಂಬಾಕೇ ಸಾಕು, ಅಲ್ಲೂ ಕೆಲಸ ಮಾಡುತ್ತದೆ.