ಟಾಪ್ 10 ಜಗಳ: ಮೊದಲು ಅಳತೆಗೋಲು ಆರಿಸಿ

90ರ ದಶಕದ ಟಾಪ್ 10 ಹಿಪ್‌ಹಾಪ್ ಆಲ್ಬಂ ಆರಿಸಲು ಕೂತರೆ ಗೆಳೆಯರ ಜಗಳ ಮೊದಲನೇ ಸ್ಥಾನ ದಾಟುವುದೇ ಇಲ್ಲ ಅಂದಿದ್ದೀರಿ. ಬಹುಶಃ ‘ಬೆಸ್ಟ್’ ಅಂದರೆ ಏನು ಅಂತ ನೀವು ಮೊದಲೇ ಮಾತಾಡಿಕೊಂಡಿಲ್ಲ. ಡಾ. ಡ್ರೇ ಅವರ ‘ದಿ ಕ್ರಾನಿಕ್’ (1992) ವೆಸ್ಟ್ ಕೋಸ್ಟ್ (ಅಮೆರಿಕದ ಪಶ್ಚಿಮ ಕರಾವಳಿ) ಹಿಪ್‌ಹಾಪ್‌ನ ಸದ್ದನ್ನೇ ಬದಲಿಸಿತು. ಪ್ರಭಾವ ನೋಡುವವರು ಅದನ್ನೇ ಹಿಡಿಯುತ್ತಾರೆ, ಹಾಡಿನ ಸಾಲುಗಳನ್ನು ನೋಡುವವರು ನಾಸ್ ಅವರ ‘ಇಲ್‌ಮ್ಯಾಟಿಕ್’ (1994) ಬಿಡುವುದಿಲ್ಲ. ಇಬ್ಬರೂ ಸರಿ, ಅಲ್ವಾ?

ಹಾಗಾಗಿ ಮೊದಲು ಒಂದೇ ಅಳತೆ ಇಟ್ಟುಕೊಳ್ಳಿ. ನನಗೆ ಒಪ್ಪಿಗೆಯಾಗುವುದು ಇದು: ಒಂದು ಹಾಡನ್ನೂ ದಾಟಿಸದೆ ಇಡೀ ಆಲ್ಬಂ ಕೇಳಲು ಆಗುತ್ತಾ? ‘ಇಲ್‌ಮ್ಯಾಟಿಕ್’ನಲ್ಲಿ ಇರುವುದು 10 ಟ್ರ್ಯಾಕ್, ಸುಮಾರು 40 ನಿಮಿಷ. ಡಿಜೆ ಪ್ರೀಮಿಯರ್, ಪೀಟ್ ರಾಕ್, ಕ್ಯೂ-ಟಿಪ್ ಹೀಗೆ ಬೇರೆ ಬೇರೆಯವರು ಬೀಟ್ (ಹಾಡಿನ ಹಿನ್ನೆಲೆ ಸಂಗೀತ) ಕೊಟ್ಟರೂ ಒಂದೇ ಬೀದಿಯಲ್ಲಿ ನಡೆದ ಹಾಗೆ ಕೇಳಿಸುತ್ತದೆ. ಟೂಪಾಕ್ ಅವರ ‘ಆಲ್ ಐಸ್ ಆನ್ ಮಿ’ (1996) ಎರಡು ಗಂಟೆಗೂ ಜಾಸ್ತಿ. ಅದರ ಒಳ್ಳೆಯ ಹಾಡುಗಳು ಅದ್ಭುತ, ಆದರೆ ಈ ಪರೀಕ್ಷೆಯಲ್ಲಿ ಅದು ಸೋಲುತ್ತದೆ. ಪ್ರಭಾವಕ್ಕೆ ಬೇರೆಯೇ ಪಟ್ಟಿ ಮಾಡಿ.

ಆಮೇಲೆ ಗಡಿ: 1990ರಿಂದ 1999. ಲಾರಿನ್ ಹಿಲ್ ಅವರ 1998ರ ಆಲ್ಬಂ ಹಿಪ್‌ಹಾಪ್ ಸಂಗೀತವೋ ‘ಸೋಲ್’ (soul) ಸಂಗೀತವೋ ಎಂಬ ವಾದ ಬಂದೇ ಬರುತ್ತದೆ. ನಾನಾದರೆ ಸೇರಿಸುತ್ತೇನೆ, ಆದರೆ ಇದಕ್ಕೆ ಒಂದೇ ಉತ್ತರ ಇಲ್ಲ. ಕೈ ಎತ್ತಿಸಿ ಮುಗಿಸಿ.

ಈಗ ಮಾತಾಡದೆ ಎಲ್ಲರೂ ತಮ್ಮ ಹತ್ತು ಬರೆಯಲಿ. ಮೊದಲನೆಯದಕ್ಕೆ 10 ಅಂಕ, ಕೊನೆಯದಕ್ಕೆ 1, ಕೂಡಿಸಿ. ಒಬ್ಬರು ತುಂಬಾ ಮೇಲಿಟ್ಟು ಇನ್ನೊಬ್ಬರು ಬಿಟ್ಟೇಬಿಟ್ಟ ಆಲ್ಬಂ ಬಗ್ಗೆ ಮಾತ್ರ ಚರ್ಚೆ ಮಾಡಿ, ಅದೂ ಒಟ್ಟಿಗೆ ಕೂತು ಕೇಳಿದ ಮೇಲೆ.