ಮಗಳ ತಲೆಗೆ ಪೆಟ್ಟು ಬಿದ್ದಿದೆ, ಸ್ಕ್ಯಾನ್ ನಾರ್ಮಲ್. ತಲೆನೋವು ಎಷ್ಟು ದಿನ ಇರುತ್ತೆ ಅಂತ ಮೊದಲೇ ಹೇಳೋಕಾಗುತ್ತಾ?

ಮಗಳಿಗೆ 13 ವರ್ಷ, ನಿನ್ನೆ ಸೈಕಲ್‌ನಿಂದ ಬಿದ್ದಳು, ಜ್ಞಾನ ತಪ್ಪಿಲ್ಲ, ಡಾಕ್ಟರು ಕಂಕಷನ್ (ಪೆಟ್ಟಿಗೆ ಮೆದುಳು ಅಲುಗಾಡಿ ಆಗೋ ತೊಂದರೆ) ಅಂದರು ಅಂತ ಬರೆದಿದ್ದೀರಿ. ಇಷ್ಟೇ ದಿನ ಅಂತ ಯಾರೂ ಹೇಳಲಾರರು. ಅಂದಾಜು ಮಾತ್ರ ಸಿಗುತ್ತೆ.

ನಾವಿರೋದು ಕೆನಡಾದ ಒಟ್ಟಾವಾದಲ್ಲಿ. ನನ್ನ ಮಗಳು 12ನೇ ವಯಸ್ಸಲ್ಲಿ ಐಸ್ ಮೇಲೆ ಜಾರಿ ಬಿದ್ದು ತಲೆ ಬಡಿದುಕೊಂಡಳು. ಡಾಕ್ಟರು ಅವಳನ್ನ ಒಂದು ಪಾದದ ಹಿಂದೆ ಇನ್ನೊಂದು ಪಾದ ತಾಗಿಸಿ ನಿಲ್ಲಿಸಿ, ಸೊಂಟದ ಮೇಲೆ ಕೈ ಇಟ್ಕೊಂಡು ಕಣ್ಣು ಮುಚ್ಚು ಅಂದರು. 20 ಸೆಕೆಂಡಲ್ಲಿ ಎಷ್ಟು ಸಲ ನಿಲುವು ತಪ್ಪಿದಳು ಅಂತ ಎಣಿಸಿದರು. ಎರಡು ಸಲ. ತೊಂದರೆ ತುಂಬಾ ದಿನ ಉಳಿಯುತ್ತಾ ಅಂತ ಅಂದಾಜು ಮಾಡೋಕೆ ಅಂಕ ಹಾಕುತ್ತಾರೆ, ನಾಲ್ಕಾಗಿದ್ದರೆ ಅದಕ್ಕೆ ಒಂದು ಅಂಕ ಸೇರುತ್ತಿತ್ತು.

ಈ ಅಂಕದ ಲೆಕ್ಕ 2016ರದ್ದು. ಇಲ್ಲಿನ ಮಕ್ಕಳ ಆಸ್ಪತ್ರೆಯ ಡಾ. ರೋಜರ್ ಝೆಮೆಕ್ ಮತ್ತು ಜೊತೆಯವರು ಕೆನಡಾದ 9 ಆಸ್ಪತ್ರೆಗಳ 3,000ಕ್ಕೂ ಹೆಚ್ಚು ಮಕ್ಕಳನ್ನ ನೋಡಿ ಮಾಡಿದ್ದು. 28 ದಿನ ಕಳೆದರೂ ಸುಮಾರು ಮೂರರಲ್ಲಿ ಒಂದು ಮಗುವಿಗೆ ತೊಂದರೆ ಉಳಿದಿತ್ತಂತೆ. ಒಟ್ಟು 12 ಅಂಕ. ಹೆಣ್ಣುಮಗುವಾದರೆ 2, ವಯಸ್ಸು 13 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ 2 (8ರಿಂದ 12ಕ್ಕೆ 1), ಸುಸ್ತಿಗೆ 2. ತಲೆನೋವು, ಸದ್ದು ಸಹಿಸೋಕಾಗದಿರೋದು, ಕೇಳಿದ್ದಕ್ಕೆ ತಡವಾಗಿ ಉತ್ತರ ಕೊಡೋದು, ಮೊದಲಿಂದ ಮೈಗ್ರೇನ್, ಹಿಂದಿನ ಕಂಕಷನ್‌ನಲ್ಲಿ ಒಂದು ವಾರ ಅಥವಾ ಅದಕ್ಕಿಂತ ಹೆಚ್ಚು ನರಳಿದ್ದು, ಆ ನಿಲ್ಲೋ ಪರೀಕ್ಷೆ, ಇವಕ್ಕೆಲ್ಲ ಒಂದೊಂದು. 3ರವರೆಗೆ ತೊಂದರೆ ಉಳಿಯೋ ಅಪಾಯ ಕಡಿಮೆ, 9 ಅಥವಾ ಅದಕ್ಕಿಂತ ಹೆಚ್ಚಾದರೆ ಜಾಸ್ತಿ. ನಾವೆಲ್ಲ ಮೊದಲು ಕೇಳೋದು ಜ್ಞಾನ ತಪ್ಪಿತ್ತಾ ಅಂತ, ಅಲ್ವಾ? ಅದು ಈ ಪಟ್ಟಿಯಲ್ಲೇ ಇಲ್ಲ!

ನನ್ನ ಮಗಳದ್ದು 7 ಬಂತು. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ರೂಮಿಗೆ ಓಡುತ್ತಿದ್ದಳು. ಅರ್ಧ ದೋಸೆ ತಿನ್ನೋಷ್ಟರಲ್ಲಿ ಸುಸ್ತು. ಸ್ಕೂಲು ತಪ್ಪಿಸೋಕೆ ನಾಟಕ ಅಂತ ಹಾಸನದಿಂದ ಅವಳಜ್ಜಿ ಫೋನಲ್ಲಿ ಬೈದರು. ಅಂಕ ಗೊತ್ತಿಲ್ಲದಿದ್ದರೆ ನಾನೂ ಬೈಯುತ್ತಿದ್ದೆನೇನೋ. ಐದನೇ ವಾರ ತಾನೇ ಬ್ಯಾಗ್ ಹಾಕಿಕೊಂಡು ಹೊರಟಳು.

ನಿಮ್ಮ ಮಗಳಿಗೆ ವಯಸ್ಸಿಗೆ 2, ಹೆಣ್ಣುಮಗು ಅಂತ 2, ತಲೆನೋವಿಗೆ 1, ಆಗಲೇ 5 ಆಯ್ತು. ಹಾಗಂತ ಇದು ಜಾತಕವಲ್ಲ, ತಪ್ಪೂ ಆಗುತ್ತೆ. ಡಾಕ್ಟರ ಸುಮ್ಮನೆ ಊಹೆಗಿಂತ ಪರವಾಗಿಲ್ಲ ಅಷ್ಟೇ. ಪೆಟ್ಟು ಬಿದ್ದ 48 ಗಂಟೆಯೊಳಗೆ ಹಾಕೋ ಲೆಕ್ಕ ಇದು, ಹಾಗಾಗಿ ಇವತ್ತೇ ಡಾಕ್ಟರ ಹತ್ತಿರ ಕೇಳಿ. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸಬೇಡಿ. ಒಂದೆರಡು ದಿನ ಸುಧಾರಿಸಿಕೊಳ್ಳಲಿ, ಆಮೇಲೆ ನಿಧಾನಕ್ಕೆ ಓಡಾಡಲಿ. ಸೈಕಲ್ ಮಾತ್ರ ಡಾಕ್ಟರು ಹೂಂ ಅನ್ನೋವರೆಗೂ ಬೇಡ. ಪದೇ ಪದೇ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದಂಥ ಮಂಪರು ಕಂಡರೆ ಅಂಕಗಿಂಕ ಬಿಟ್ಟು ಎಮರ್ಜೆನ್ಸಿಗೆ ಓಡಿ.