ಕೈಲ್‌ಪೊಳ್ದಿನ ಮರುದಿನ

ವಿರಾಜಪೇಟೆ ಕಡೆಯಿಂದ ಬಂದ ಕಾಗದವೊಂದನ್ನು ಈ ವಾರ ಮೂರು ಸಲ ಓದಿದೆ. ಮೂರನೇ ಸಲಕ್ಕೆ ಸಿಟ್ಟೇ ಬಂತು. ಬರೆದವರ ಮೇಲಲ್ಲ, ಯಾರ ಮೇಲೆ ಅಂತ ಆಮೇಲೆ ಹೇಳುತ್ತೇನೆ.

ಅವರಿಗೆ 38 ವರ್ಷ, ಶಾಲೆಯಲ್ಲಿ ಟೀಚರ್. ಜೂನ್‌ನಲ್ಲಿ ಡಯಟ್ ಹಿಡಿದು, ಸಕ್ಕರೆ ಬಿಟ್ಟು, ರಾತ್ರಿ ಅನ್ನ ಬಿಟ್ಟು 5 ಕೆಜಿ ಇಳಿಸಿಕೊಂಡಿದ್ದರು. ಸೆಪ್ಟೆಂಬರ್ 3ಕ್ಕೆ ಕೊಡವರ ಹಬ್ಬ ಕೈಲ್‌ಪೊಳ್ದ್ ಬಂತು, ಗಂಡನ ಮನೆಗೆ ಹೋದರು. ಪಂದಿಕರಿ (ಹಂದಿ ಮಾಂಸದ ಸಾರು) ಜೊತೆ ಎಂಟು ಕಡಂಬುಟ್ಟು, ಅಂದರೆ ಅಕ್ಕಿ ಉಂಡೆ, ತಿಂದರು. ಪಕ್ಕದಲ್ಲಿ ಕೂತಿದ್ದ ನಾದಿನಿ ಎಣಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿ ನಕ್ಕಳು. ಮರುದಿನ ತಕ್ಕಡಿ ಹತ್ತಿದರೆ 2 ಕೆಜಿ ಜಾಸ್ತಿ. 'ಅವತ್ತಿಡೀ ಬೆಲ್ಲವೂ ಹಾಕದ ಕರಿಕಾಪಿಯಲ್ಲೇ ಇದ್ದೆ. ಅಲ್ಲಿಂದ ಎಲ್ಲ ತಪ್ಪಿತು ಮೇಡಂ. ದಿನಾ ರಾತ್ರಿ ಅಡುಗೆಮನೆಗೆ ಹೋಗಿ ಏನಾದರೂ ತಿಂದುಬಿಡುತ್ತೇನೆ. ಬೆಳಗ್ಗೆ ಮತ್ತೆ ಉಪವಾಸ. ನನಗೆ ಮನಸ್ಸು ಗಟ್ಟಿ ಇಲ್ಲ. ದಾರಿಗೆ ಬರುವುದು ಹೇಗೆ?'

ನಾಲ್ಕು ಪುಟದ ಕಾಗದದಲ್ಲಿ ಕಡಂಬುಟ್ಟಿಗೆ ಒಂದೂವರೆ ಪುಟ, ಕರಿಕಾಪಿಗೆ ಒಂದು ಸಾಲು. ನಾನು ಆ ಒಂದು ಸಾಲು ಬಿಟ್ಟು ಮುಂದೆ ಹೋಗಲಾರೆ.

ಟೀಚರಮ್ಮ, ಮೊದಲು ಆ 2 ಕೆಜಿ ಲೆಕ್ಕ ಮುಗಿಸೋಣ. ಒಂದು ಕೆಜಿ ಕೊಬ್ಬು ಮೈಗೆ ಹತ್ತಬೇಕಾದರೆ ಖರ್ಚಿಗಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ತಿನ್ನಬೇಕು. ಎರಡಕ್ಕೆ 15 ಸಾವಿರ ದಾಟುತ್ತದೆ. ಎಂಟು ಕಡಂಬುಟ್ಟು ಅದರ ಹತ್ತಿರಕ್ಕೂ ಸುಳಿಯುವುದಿಲ್ಲ, ಪಂದಿಕರಿ ಎಷ್ಟೇ ಬಡಿಸಿಕೊಂಡಿರಿ. ಮೂರು ತಿಂಗಳು ಅನ್ನಕ್ಕೆ ಕತ್ತರಿ ಹಾಕಿದ ಮೈ, ಅಕ್ಕಿ ಸಿಕ್ಕ ಕೂಡಲೇ ಅದನ್ನು ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ, ಮಾಡಿ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ತುಂಬಿಕೊಳ್ಳುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು ಮೂರು ಗ್ರಾಂ ನೀರು ನಿಲ್ಲುತ್ತದೆ. ಪಂದಿಕರಿಯಲ್ಲಿದ್ದ ಉಪ್ಪು ಇನ್ನಷ್ಟು ನೀರು ಹಿಡಿಯುತ್ತದೆ. ತಿಂದದ್ದರ ಭಾರವೂ ಹೊಟ್ಟೆಯಲ್ಲೇ ಇತ್ತು. ಅಂದರೆ ತಕ್ಕಡಿ ತೋರಿಸಿದ್ದು ಬಹುಪಾಲು ನೀರನ್ನು. ನಾಲ್ಕೈದು ದಿನ ಎಂದಿನಂತೆ ಉಂಡಿದ್ದರೆ ತಾನಾಗಿ ಇಳಿಯುತ್ತಿತ್ತು.

ಕೆಟ್ಟದ್ದು ಮರುದಿನ. ಇಡೀ ದಿನ ಖಾಲಿ ಹೊಟ್ಟೆಗೆ ಕಾಪಿ ಹಾಕಿ ಪಾಠ ಮಾಡಿದವರಿಗೆ ರಾತ್ರಿ ಹತ್ತಕ್ಕೆ ಅಡುಗೆಮನೆ ಕರೆಯದೆ ಇನ್ನೇನು ಮಾಡುತ್ತದೆ? ಅದಕ್ಕೆ ಮನೋಬಲದ ಕೊರತೆ ಅಂತ ದೊಡ್ಡ ಹೆಸರು ಯಾಕೆ, ಅದು ಹಸಿವು. ರಾತ್ರಿ ತಿಂದದ್ದಕ್ಕೆ ಬೆಳಗ್ಗೆ ಶಿಕ್ಷೆ, ಶಿಕ್ಷೆ ತಡೆಯಲಾರದೆ ಮತ್ತೆ ರಾತ್ರಿ ತಿನ್ನುವುದು. ಮೂರು ವಾರದಿಂದ ನಡೆದಿರುವುದು ಇಷ್ಟೇ.

ಈಗ ನಾದಿನಿ. ನೀವು 'ತಮಾಷೆಗೆ ಅಂದಳು ಪಾಪ' ಅಂತ ಬರೆದಿದ್ದೀರಿ. ನನಗೆ ಅವಳ ಮೇಲೆ ಪಾಪ ಬರುವುದಿಲ್ಲ. ಕೈಲ್‌ಪೊಳ್ದ್ ಅಂದರೆ ನಾಟಿ ಮುಗಿಸಿ, ಕೋವಿ ಕತ್ತಿಗೆ ಪೂಜೆ ಮಾಡಿ, ಮನೆಯವರೆಲ್ಲ ಕೂತು ಉಣ್ಣುವ ದಿನ. ಆ ದಿನ ಇನ್ನೊಬ್ಬರ ತಟ್ಟೆ ಎಣಿಸುವವರಿಗೆ ಮಳೆಯಲ್ಲಿ ಜಿಗಣೆ ಹತ್ತಲಿ! ನೀವು ಮರುದಿನ ಉಪವಾಸ ಕೂತದ್ದು ತಕ್ಕಡಿಗೆ ಹೆದರಿಯೋ, ಆ ನಗುವಿಗೆ ನಾಚಿಯೋ, ನೀವೇ ಯೋಚಿಸಿ. ಗಂಡ ಅಲ್ಲೇ ಇದ್ದರಲ್ಲ, ಅವರ ಬಾಯಲ್ಲಿ ಏನಿತ್ತು? ಕಡಂಬುಟ್ಟೇ ಇರಬೇಕು.

ಈ ಅಂಕಣದ ಹಳಬರಿಗೆ ಗೊತ್ತು, ತಕ್ಕಡಿ ಬಚ್ಚಲುಮನೆಯಲ್ಲಿ ಇರಬಾರದು ಅನ್ನುವುದು ನನ್ನ ಹಠ. ಅಟ್ಟಕ್ಕೆ ಹಾಕಿಸಿ. ಹದಿನೈದು ದಿನಕ್ಕೊಮ್ಮೆ ಇಳಿಸಿದರೆ ಸಾಕು. ಇನ್ನೊಂದು ಹಠವೂ ಇದೆ: ಕೊಡಗಿನಲ್ಲಿ ಇದ್ದುಕೊಂಡು ಹಬ್ಬ ತಾಳದ ಡಯಟ್ ಮಾಡಬಾರದು. ಆಗಸ್ಟ್ 3ಕ್ಕೆ ಮದ್ದುಸೊಪ್ಪಿನ ಪಾಯಸ, ತಿಂಗಳ ಮೇಲೆ ಕೈಲ್‌ಪೊಳ್ದ್, ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣ, ಆಮೇಲೆ ಸುಗ್ಗಿ ಹಬ್ಬ ಪುತ್ತರಿ, ನಡುವೆ ಮದುವೆಗಳು. ವರ್ಷಕ್ಕೆ ಇಷ್ಟು ಊಟ ಇದ್ದೇ ಇರುತ್ತದೆ. ಉಳಿದ ದಿನಗಳಲ್ಲಿ ಏನು ತಿನ್ನುತ್ತೀರಿ ಅನ್ನುವುದು ತೂಕ ತೀರ್ಮಾನಿಸುತ್ತದೆ.

ಒಂದು ಮಾತು ಮೆಲ್ಲಗೆ. ಹಸಿವಿಲ್ಲದಿದ್ದರೂ ಕದ್ದು, ಹೊಟ್ಟೆ ಬಿರಿಯುವಷ್ಟು, ನಿಲ್ಲಿಸಲಾಗದೆ ತಿನ್ನುವುದು ವಾರಕ್ಕೊಮ್ಮೆಯಾದರೂ ಮೂರು ತಿಂಗಳು ನಡೆದರೆ, ವೈದ್ಯರು ಅದನ್ನು ಕಾಯಿಲೆ ಅಂತಲೇ ನೋಡುತ್ತಾರೆ. ತಿಂದದ್ದನ್ನು ಬೇಕೆಂದೇ ಕಕ್ಕುತ್ತಿದ್ದರೆ ಮೂರು ತಿಂಗಳೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ಕಾಸಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಂತೂ ಇಂಥ ಉಪವಾಸದ ಆಟಕ್ಕೆ ಇಳಿಯಲೇಬಾರದು.

ನಿಮಗೆ ನಾನು ಹೇಳುವ ಕೆಲಸ ಒಂದೇ. ಇವತ್ತು ರಾತ್ರಿ ಏನೇ ತಿಂದಿರಿ, ನಾಳೆ ಬೆಳಗ್ಗೆ ಎಂಟರೊಳಗೆ ಎರಡು ಅಕ್ಕಿ ಒಟ್ಟಿ (ರೊಟ್ಟಿ), ಒಂದು ಮೊಟ್ಟೆ, ಪಲ್ಯ, ಮೇಜಿನ ಮುಂದೆ ಕೂತು ತಿನ್ನಿ. ನಾಡಿದ್ದೂ ತಿನ್ನಿ. ಹದಿನೈದು ದಿನ ಬೇರೆ ಏನೂ ಬದಲಾಯಿಸಬೇಡಿ. ಪುತ್ತರಿಗೆ ಬಾಳೆಹಣ್ಣಿನ ತಂಬುಟ್ಟು ಹಂಚುವಾಗ ನಾದಿನಿ ಮತ್ತೆ ಎಣಿಸಲು ಶುರು ಮಾಡಿದರೆ, ತಟ್ಟೆ ಅವಳ ಕಡೆ ಚಾಚಿ 'ಲೆಕ್ಕ ತಪ್ಪಿತು ನೋಡು, ಇನ್ನೊಂದು ನೀನೇ ಬಡಿಸು' ಅನ್ನಿ.